ವಿದೇಶದಲ್ಲಿ ಓದು: ಯಾವ ದೇಶ ಯಾರಿಗೆ ಸರಿ?

ಕೈಯಲ್ಲಿ ಮೂರು ಆಫರ್ ಲೆಟರ್ ಇವೆ. ಒಂದು ಬ್ರಿಟನ್ನಿನದು, ಒಂದು ಜರ್ಮನಿಯದು, ಇನ್ನೊಂದು ಅಮೆರಿಕದ್ದು. ಡೆಪಾಸಿಟ್ ಕಟ್ಟಲು ಹತ್ತೇ ದಿನ ಬಾಕಿ. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಹೀಗೆ ತಲೆ ಕೆಡಿಸಿಕೊಂಡವರು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ: ಯಾವ ದೇಶ ಒಳ್ಳೆಯದು?

ಅದಕ್ಕೆ ಉತ್ತರ ಹೇಳುವ ಮೊದಲು ನಾನು ತಿರುಗಿ ಒಂದು ಮಾತು ಕೇಳುತ್ತೇನೆ. ಕೋರ್ಸ್ ಮುಗಿದ ಮರುದಿನವೇ ಗಂಟುಮೂಟೆ ಕಟ್ಟಿ ವಾಪಸ್ ಹೊರಡಬೇಕಾಗಿ ಬಂತು ಅಂದುಕೊಳ್ಳಿ. ಕೆಲಸ ಸಿಗಲಿಲ್ಲ, ವೀಸಾ ನಿಯಮ ಬದಲಾಯಿತು, ಏನೋ ಒಂದು. ಆಗಲೂ ಈ ಪದವಿಗೆ ಇಷ್ಟು ದುಡ್ಡು ಹಾಕಿದ್ದು ಸಾರ್ಥಕ ಅನಿಸುತ್ತದೆಯೇ? ಅನಿಸಿದರೆ ಧೈರ್ಯವಾಗಿ ಹೋಗಿ. ಅನಿಸದಿದ್ದರೆ, ನೀವು ದುಡ್ಡು ಕೊಡುತ್ತಿರುವುದು ಓದಿಗಲ್ಲ, ಮುಂದೆ ಸಿಗಬಹುದಾದ ಕೆಲಸದ ವೀಸಾಕ್ಕೆ. ಅದು ಸಿಕ್ಕೇ ಸಿಗುತ್ತದೆ ಎಂದು ಯಾವ ವಿಶ್ವವಿದ್ಯಾಲಯವೂ ಬರೆದುಕೊಡುವುದಿಲ್ಲ. 2024ರಿಂದ ಈಚೆಗೆ ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ಅಮೆರಿಕ ನಾಲ್ಕೂ ಒಂದಲ್ಲ ಒಂದು ಕಡೆ ನಿಯಮ ಬಿಗಿ ಮಾಡಿವೆ. ಮುಂದೆಯೂ ಮಾಡಬಹುದು.

ಯಾವುದನ್ನು ಇಟ್ಟುಕೊಂಡು ಅಳೆಯಬೇಕು?

ಮೊದಲನೆಯದು ಒಟ್ಟು ಖರ್ಚು. ಬರೀ ಶುಲ್ಕ ಅಲ್ಲ. ಶುಲ್ಕ, ಅಷ್ಟೂ ತಿಂಗಳ ಬಾಡಿಗೆ ಮತ್ತು ಊಟ, ಆರೋಗ್ಯ ವಿಮೆ, ವೀಸಾ ಎಲ್ಲ ಸೇರಿಸಿ ಪದವಿ ಕೈಗೆ ಬರುವ ದಿನದವರೆಗಿನ ಮೊತ್ತ. ಎರಡನೆಯದು, ಹೊರಡುವ ಮೊದಲೇ ಎಷ್ಟು ಹಣ ತೋರಿಸಬೇಕು ಅನ್ನೋದು. ಖರ್ಚು ಕಡಿಮೆ ಇರುವ ದೇಶಗಳೂ ಇಲ್ಲಿ ಒಮ್ಮೆಲೇ ದೊಡ್ಡ ಮೊತ್ತ ಕೇಳುತ್ತವೆ. ಮೂರನೆಯದು ಭಾಷೆ. ಪಾಠದ ಭಾಷೆ ಬೇರೆ, ಪೇಟೆಯ ಭಾಷೆ ಬೇರೆ, ಇಂಟರ್‌ವ್ಯೂ ಭಾಷೆ ಬೇರೆ. ನಾಲ್ಕನೆಯದು, ಓದುವಾಗ ಎಷ್ಟು ಗಂಟೆ ದುಡಿಯಬಹುದು, ಓದು ಮುಗಿದ ಮೇಲೆ ಎಷ್ಟು ತಿಂಗಳು ಉಳಿಯಬಹುದು ಅನ್ನೋದು.

ಇನ್ನೊಂದಿದೆ, ಹೆಚ್ಚಿನವರು ಮರೆಯುವುದು ಇದನ್ನೇ: ನಿಮ್ಮ ವೃತ್ತಿಯಲ್ಲಿ ಆ ಪದವಿಗೆ ಮಾನ್ಯತೆ ಇದೆಯೇ? ವೈದ್ಯಕೀಯ, ನರ್ಸಿಂಗ್, ಕಾನೂನು, ವಾಸ್ತುಶಿಲ್ಪದಂಥ ಕಡೆ ಪದವಿ ಇದ್ದರೆ ಸಾಲದು, ಲೈಸೆನ್ಸ್ ಬೇಕು. ಆ ಲೈಸೆನ್ಸ್ ಕೊಡುವುದು ನೀವು ಮುಂದೆ ಕೆಲಸ ಮಾಡುವ ದೇಶದ ಮಂಡಳಿ. ಎಲ್ಲಿ ಕೆಲಸ ಮಾಡಬೇಕೆಂದು ಇದ್ದೀರೋ ಆ ದೇಶದ ಮಂಡಳಿಯ ಪಟ್ಟಿಯಲ್ಲಿ ಕಾಲೇಜಿನ ಹೆಸರು ಇಲ್ಲದಿದ್ದರೆ, ಶುಲ್ಕ ಎಷ್ಟೇ ಕಡಿಮೆ ಇರಲಿ, ಅಲ್ಲಿಗೆ ಬಿಟ್ಟುಬಿಡಿ. ಕಂಪ್ಯೂಟರ್, ಡೇಟಾ, ಮ್ಯಾನೇಜ್‌ಮೆಂಟ್ ಓದುವವರಿಗೆ ಈ ತಲೆನೋವು ಕಡಿಮೆ.

ಜರ್ಮನಿ: ಶುಲ್ಕ ಇಲ್ಲ, ಆದರೆ ಪುಕ್ಕಟೆ ಅಲ್ಲ

ಹೆಚ್ಚಿನ ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಸೆಮಿಸ್ಟರ್‌ಗೆ ಒಂದಿಷ್ಟು ನೂರು ಯೂರೊ ವಂತಿಗೆ ಕಟ್ಟಿದರೆ ಆಯಿತು. ಅದರಲ್ಲೇ ಹಲವು ಕಡೆ ಬಸ್ಸು ರೈಲಿನ ಪಾಸೂ ಸೇರಿರುತ್ತದೆ. ಆದರೆ "ಜರ್ಮನಿ ಅಂದರೆ ಫ್ರೀ" ಎಂದು ಕಣ್ಣು ಮುಚ್ಚಿ ನಂಬಬೇಡಿ. ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರ್‌ಗೆ 1,500 ಯೂರೊ ತೆಗೆದುಕೊಳ್ಳುತ್ತಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಹೊಸಬರಿಗೆ ಶುಲ್ಕ ಹಾಕಿದೆ. ಬ್ಯಾಚುಲರ್‌ಗೆ ಸೆಮಿಸ್ಟರ್‌ಗೆ 2,000ದಿಂದ 3,000, ಮಾಸ್ಟರ್ಸ್‌ಗೆ 4,000ದಿಂದ 6,000 ಯೂರೊ. ಖಾಸಗಿ ವಿಶ್ವವಿದ್ಯಾಲಯಗಳ ಲೆಕ್ಕ ಬೇರೆಯೇ. ಸುಲಭವಾಗಿ ಸೀಟು ಕೊಡುವ, ಜಾಹೀರಾತಿನಲ್ಲಿ ಜಾಸ್ತಿ ಕಾಣುವ ಹೆಸರುಗಳಲ್ಲಿ ಖಾಸಗಿಯವೇ ಹೆಚ್ಚು. ಅರ್ಜಿ ಹಾಕುವ ಮೊದಲು ಸರ್ಕಾರಿಯೋ ಖಾಸಗಿಯೋ ಎಂದು ನೋಡಿಕೊಳ್ಳಿ.

ನಿಜವಾದ ಭಾರ ಇರುವುದು ಬ್ಲಾಕ್ಡ್ ಅಕೌಂಟ್‌ನಲ್ಲಿ. 2024ರ ಸೆಪ್ಟೆಂಬರ್‌ನಿಂದ ವೀಸಾ ಸಿಗಲು ಒಂದು ವರ್ಷಕ್ಕೆ 11,904 ಯೂರೊ ಅದರಲ್ಲಿ ಇಡಬೇಕು. ಅದು ನಿಮ್ಮದೇ ಹಣ, ಆದರೆ ನೀವು ಬೇಕೆಂದಾಗ ತೆಗೆಯುವಂತಿಲ್ಲ. ಅಲ್ಲಿಗೆ ಹೋಗಿ ಸಾಮಾನ್ಯ ಖಾತೆ ತೆರೆದ ಮೇಲೆ ತಿಂಗಳಿಗೆ 992 ಯೂರೊ ಬಂದು ಬೀಳುತ್ತದೆ. ಮೊದಲ ತಿಂಗಳೇ ತೊಂದರೆ ಶುರುವಾಗುವುದು ಇಲ್ಲಿ. ರೂಮಿನ ಮಾಲೀಕ ಎರಡು ಮೂರು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುತ್ತಾನೆ, ವಿಮೆ ಕಟ್ಟಬೇಕು, ಹಾಸಿಗೆ ಪಾತ್ರೆ ಕೊಳ್ಳಬೇಕು. ಖಾತೆಯಲ್ಲಿ ಹನ್ನೊಂದು ಸಾವಿರ ಕಾಣುತ್ತದೆ, ಕೈಗೆ ಬರುವುದು 992. ಹಾಗಾಗಿ ಬ್ಲಾಕ್ಡ್ ಅಕೌಂಟ್ ಬಿಟ್ಟು ಇನ್ನೂ ಎರಡು ಸಾವಿರ ಯೂರೊ ಆದರೂ ಜೊತೆಗಿರಲಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಮ್ಯೂನಿಕ್‌ನಂಥ ಊರಿಗೆ ಹೋಗುವುದಾದರೆ ತಿಂಗಳಿಗೆ 992ರಲ್ಲಿ ಬದುಕುವುದೇ ಕಷ್ಟ. ಲೈಪ್‌ಜಿಗ್, ಕೆಮ್ನಿಟ್ಸ್‌ನಂಥ ಪೂರ್ವದ ಊರುಗಳಲ್ಲಿ ಬಾಡಿಗೆ ತುಂಬಾ ಹಗುರ.

ಓದುವಾಗ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ಕನಿಷ್ಠ ಕೂಲಿ 2026ರ ಜನವರಿಯಿಂದ ಗಂಟೆಗೆ 13.90 ಯೂರೊ. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಸಿಗುತ್ತದೆ. ಇಷ್ಟೆಲ್ಲ ಕೇಳಿದರೆ ಇದಕ್ಕಿಂತ ಒಳ್ಳೆಯದು ಎಲ್ಲಿದೆ ಅನಿಸುತ್ತದೆ, ಅಲ್ವಾ? ಆದರೆ ಭಾಷೆ ನಡುವೆ ಬರುತ್ತದೆ. ಮಾಸ್ಟರ್ಸ್‌ನಲ್ಲಿ ಇಂಗ್ಲಿಷ್ ಕೋರ್ಸ್‌ಗಳು ಬೇಕಾದಷ್ಟಿವೆ, ಸರ್ಕಾರಿ ಕಡೆ ಬ್ಯಾಚುಲರ್‌ಗೆ ಕಡಿಮೆ. ಇಂಗ್ಲಿಷ್‌ನಲ್ಲೇ ಓದು ಮುಗಿಸಿದವರಿಗೂ ಕೆಲಸ ಹುಡುಕುವಾಗ ಜರ್ಮನ್ ಬೇಕೇ ಬೇಕಾಗುತ್ತದೆ. ಬಿ1 (ದಿನನಿತ್ಯದ ಮಾತು ನಡೆಸುವ) ಮಟ್ಟಕ್ಕಾದರೂ ಬಾರದೆ ಕಂಪನಿಯ ಬಾಗಿಲು ತಟ್ಟುವುದು ಕಷ್ಟ, ಬಿ2 ಇದ್ದರೆ ಮಾತೇ ಬೇರೆ. ದಿನಕ್ಕೆ ಒಂದು ಗಂಟೆ ಭಾಷೆಗೆ ಕೊಡಲು ಮನಸ್ಸಿದ್ದವರಿಗೆ ನಾನು ಮೊದಲು ಹೇಳುವ ದೇಶ ಇದೇ. ಮನಸ್ಸಿಲ್ಲದಿದ್ದರೆ ಇದನ್ನು ಕೈಬಿಡುವುದು ಒಳ್ಳೆಯದು.

ಒಂದು ಎಚ್ಚರಿಕೆ: ಭಾರತ, ಚೀನಾ, ವಿಯೆಟ್ನಾಂನಲ್ಲಿ ಓದಿದವರು ಎಪಿಎಸ್ ಎಂಬ ದಾಖಲೆ ಪರಿಶೀಲನೆಯ ಪ್ರಮಾಣಪತ್ರ ಮಾಡಿಸಲೇಬೇಕು. ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಮೊದಲ ಕೆಲಸ ಅದೇ ಆಗಲಿ.

ಬ್ರಿಟನ್: ಬೇಗ ಮುಗಿಯುತ್ತದೆ, ಬೇಗ ಖಾಲಿಯೂ ಮಾಡುತ್ತದೆ

ಬ್ಯಾಚುಲರ್ ಮೂರು ವರ್ಷ, ಸ್ಕಾಟ್ಲೆಂಡ್‌ನಲ್ಲಿ ಮಾತ್ರ ನಾಲ್ಕು. ಮಾಸ್ಟರ್ಸ್ ಹೆಚ್ಚಾಗಿ ಒಂದೇ ವರ್ಷ. ಇದೇ ಬ್ರಿಟನ್‌ನ ದೊಡ್ಡ ಅನುಕೂಲ.

ಒಂದು ಲೆಕ್ಕ ಹಾಕೋಣ. ಲಂಡನ್‌ನ ಹೊರಗೆ ಒಂದು ಮಾಸ್ಟರ್ಸ್‌ಗೆ ಶುಲ್ಕ 20,000 ಪೌಂಡ್ ಎಂದಿಟ್ಟುಕೊಳ್ಳಿ. ಜೀವನಕ್ಕೆ ತಿಂಗಳಿಗೆ 1,171 ಪೌಂಡ್ ಬೇಕೆಂದು ಅಲ್ಲಿನ ಸರ್ಕಾರವೇ ಹೇಳುತ್ತದೆ. ಹನ್ನೆರಡು ತಿಂಗಳಿಗೆ 14,052. ವೀಸಾ ಜೊತೆ ಕಟ್ಟುವ ಆರೋಗ್ಯ ಸರ್‌ಚಾರ್ಜ್ ವರ್ಷಕ್ಕೆ 776. ಒಂದು ವರ್ಷದ ಕೋರ್ಸಿಗೂ ವೀಸಾ ಕೆಲವು ತಿಂಗಳು ಉದ್ದ ಇರುವುದರಿಂದ ಸುಮಾರು ಒಂದೂವರೆ ವರ್ಷದ್ದು, ಅಂದರೆ 1,164 ಕಟ್ಟಬೇಕಾಗುತ್ತದೆ. ಎಲ್ಲ ಸೇರಿ 35,000 ಪೌಂಡ್ ದಾಟಿತು. ಜರ್ಮನಿಯಲ್ಲಿ ಎರಡು ವರ್ಷದ ಜೀವನ ಖರ್ಚು ಕನಿಷ್ಠ ಲೆಕ್ಕದಲ್ಲಿ 23,808 ಯೂರೊ. ಪೌಂಡಿಗಿಂತ ಯೂರೊ ಅಗ್ಗ, ಹಾಗಾಗಿ ಅಂತರ ಇನ್ನೂ ದೊಡ್ಡದು.

ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಬ್ರಿಟನ್‌ನಲ್ಲಿ ಓದಿದವರು ಒಂದು ವರ್ಷ ಮೊದಲೇ ಸಂಬಳಕ್ಕೆ ಸೇರಬಹುದು. ಈಗಾಗಲೇ ಒಳ್ಳೆಯ ಕೆಲಸದಲ್ಲಿದ್ದು, ಒಂದು ವರ್ಷ ರಜೆ ಹಾಕಿ ಓದಿ, ಅದೇ ಕ್ಷೇತ್ರಕ್ಕೆ ಮರಳುವವರಿಗೆ ಬ್ರಿಟನ್ ದುಬಾರಿ ಅಲ್ಲವೇ ಅಲ್ಲ. ಈಗಷ್ಟೇ ಪದವಿ ಮುಗಿಸಿ, ಪೂರ್ತಿ ಸಾಲ ಮಾಡಿ, "ಅಲ್ಲೇ ಕೆಲಸ ಹುಡುಕಿ ತೀರಿಸ್ತೀನಿ" ಅನ್ನುವವರಿಗೆ ಇದು ಅಪಾಯದ ದಾರಿ. ಒಂದು ವರ್ಷ ಅಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತದೆ. ಸೆಪ್ಟೆಂಬರ್‌ನಲ್ಲಿ ಇಳಿದವರು ಅಕ್ಟೋಬರ್‌ನಲ್ಲೇ ಕೆಲಸಕ್ಕೆ ಅರ್ಜಿ ಹಾಕಲು ಶುರು ಮಾಡಬೇಕು, ಯಾಕೆಂದರೆ ದೊಡ್ಡ ಕಂಪನಿಗಳ ನೇಮಕಾತಿ ಆಗಲೇ ನಡೆಯುತ್ತಿರುತ್ತದೆ. ಓದು ಮುಗಿದ ಮೇಲೆ ಉಳಿದು ಕೆಲಸ ಮಾಡಲು ಕೊಡುವ ಗ್ರ್ಯಾಜುಯೇಟ್ ರೂಟ್ ಎಂಬ ವೀಸಾ ಈವರೆಗೆ ಎರಡು ವರ್ಷ ಇತ್ತು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳು ಮಾತ್ರ, ಪಿಎಚ್‌ಡಿಯವರಿಗೆ ಮೂರು ವರ್ಷ. 2026ರ ಸೆಪ್ಟೆಂಬರ್‌ನಲ್ಲಿ ಮಾಸ್ಟರ್ಸ್‌ಗೆ ಸೇರುವವರಿಗೆ ಈ ಹೊಸ ನಿಯಮವೇ ಅನ್ವಯ. ಗಂಡ, ಹೆಂಡತಿ, ಮಕ್ಕಳನ್ನು ಜೊತೆಗೆ ಕರೆದೊಯ್ಯುವ ಅವಕಾಶವೂ 2024ರ ಜನವರಿಯಿಂದ ಹೋಗಿದೆ. ಸಂಶೋಧನಾ ಪದವಿಯವರಿಗೆ ಮತ್ತು ಸರ್ಕಾರಿ ಸ್ಕಾಲರ್‌ಶಿಪ್ ಇರುವ ಕೆಲವರಿಗೆ ಮಾತ್ರ ಉಳಿದಿದೆ.

ಹಣ ತೋರಿಸುವ ವಿಷಯದಲ್ಲಿ ಒಂದು ಮಾತು ಬಿಡಿಸಿ ಹೇಳಲೇಬೇಕು. ಬಾಕಿ ಶುಲ್ಕ ಮತ್ತು ಒಂಬತ್ತು ತಿಂಗಳ ಜೀವನ ಖರ್ಚು ಸತತ 28 ದಿನ ಖಾತೆಯಲ್ಲಿ ಇರಬೇಕು. ನಡುವೆ ಒಂದೇ ಒಂದು ದಿನ ಖಾತೆಯ ಹಣ ಅದಕ್ಕಿಂತ ಕೆಳಗಿಳಿದರೂ ವೀಸಾ ತಿರಸ್ಕಾರ ಆಗಬಹುದು. ಇಪ್ಪತ್ತನೇ ದಿನ ವಿಮಾನದ ಟಿಕೆಟ್‌ಗೆಂದು ಅದೇ ಖಾತೆಯಿಂದ ದುಡ್ಡು ತೆಗೆದು, ಮರುದಿನ ವಾಪಸ್ ಹಾಕಿದರೂ ಪ್ರಯೋಜನ ಇಲ್ಲ. ಎಣಿಕೆ ಮತ್ತೆ ಒಂದರಿಂದ ಶುರು. ಈ ಹಣಕ್ಕೆ ಬೇರೆಯೇ ಖಾತೆ ಇಡಿ, ಅದರ ಕಾರ್ಡನ್ನು ಮುಟ್ಟಲೇಬೇಡಿ.

ಅಮೆರಿಕ: ಒಂದೇ ದೇಶ, ಎರಡು ಲೆಕ್ಕ

ಪಿಎಚ್‌ಡಿಗೆ ಹೋಗುವವರ ಅಮೆರಿಕವೇ ಬೇರೆ, ಮಾಸ್ಟರ್ಸ್‌ಗೆ ಹೋಗುವವರ ಅಮೆರಿಕವೇ ಬೇರೆ. ಒಳ್ಳೆಯ ವಿಶ್ವವಿದ್ಯಾಲಯಗಳ ವಿಜ್ಞಾನ, ಎಂಜಿನಿಯರಿಂಗ್ ಪಿಎಚ್‌ಡಿಯಲ್ಲಿ ಸಾಮಾನ್ಯವಾಗಿ ಶುಲ್ಕ ಮನ್ನಾ ಆಗುತ್ತದೆ, ಜೊತೆಗೆ ಬೋಧನೆ ಇಲ್ಲವೇ ಸಂಶೋಧನೆಯ ಕೆಲಸಕ್ಕೆ ತಿಂಗಳ ಭತ್ಯೆ ಸಿಗುತ್ತದೆ. ಸಂಶೋಧನೆಯಲ್ಲಿ ನಿಜವಾದ ಆಸೆ ಇದ್ದವರು ಕೈಯಿಂದ ದುಡ್ಡು ಹಾಕಿ ಮಾಸ್ಟರ್ಸ್ ಮಾಡುವ ಮೊದಲು ನೇರವಾಗಿ ಪಿಎಚ್‌ಡಿಗೆ ಅರ್ಜಿ ಹಾಕಿ ನೋಡಬೇಕು. ಅಲ್ಲಿ ಅದಕ್ಕೆ ಮಾಸ್ಟರ್ಸ್ ಕಡ್ಡಾಯ ಅಲ್ಲ ಅನ್ನೋದು ಬಹಳ ಜನರಿಗೆ ಗೊತ್ತೇ ಇಲ್ಲ.

ಬ್ಯಾಚುಲರ್‌ಗೂ ಹೀಗೆಯೇ. ಪೂರ್ತಿ ಶುಲ್ಕ ಕಟ್ಟಿದರೆ ನಾಲ್ಕು ವರ್ಷಕ್ಕೆ ಲಕ್ಷಗಟ್ಟಲೆ ಡಾಲರ್. ಆದರೆ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್‌ನಂಥ ಕೆಲವು ಕಡೆ ವಿದೇಶಿ ವಿದ್ಯಾರ್ಥಿಯ ಮನೆಯ ಆದಾಯ ನೋಡಿ ಪ್ರವೇಶ ನಿರ್ಧರಿಸುವುದಿಲ್ಲ. ಸೀಟು ಕೊಟ್ಟ ಮೇಲೆ ಎಷ್ಟು ಕೊರತೆ ಇದೆಯೋ ಅಷ್ಟನ್ನೂ ತುಂಬಿಕೊಡುತ್ತಾರೆ. ಸೀಟು ಸಿಗುವುದು ಬಹಳ ಕಷ್ಟ, ನಿಜ. ಆದರೆ ಬಡ ಮನೆಯ ಜಾಣ ಹುಡುಗಿಗೆ ಮಧ್ಯಮ ದರ್ಜೆಯ ಕಾಲೇಜಿಗಿಂತ ಹಾರ್ವರ್ಡೇ ಅಗ್ಗವಾಗಬಹುದು.

ದುಡ್ಡು ಕಟ್ಟಿ ಓದುವ ಮಾಸ್ಟರ್ಸ್ ವಿಷಯಕ್ಕೆ ಬಂದರೆ ನನ್ನ ಧಾಟಿ ಬದಲಾಗುತ್ತದೆ. ಓದುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಮೊದಲ ವರ್ಷ ಹೊರಗೆ ದುಡಿಯುವಂತಿಲ್ಲ. ಓದು ಮುಗಿದ ಮೇಲೆ ಒಪಿಟಿ ಹೆಸರಿನಲ್ಲಿ 12 ತಿಂಗಳು ದುಡಿಯಲು ಅನುಮತಿ, ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಓದಿದವರಿಗೆ ಇನ್ನೂ 24 ತಿಂಗಳು. ಒಟ್ಟು ಮೂರು ವರ್ಷ ಒಳ್ಳೆಯ ಸಂಬಳಕ್ಕೆ ದುಡಿದರೆ ಸಾಲ ತೀರುತ್ತದೆ, ಹಲವರು ತೀರಿಸಿದ್ದಾರೆ. ಆದರೆ ಮೊದಲ 12 ತಿಂಗಳಲ್ಲಿ ಕೆಲಸವಿಲ್ಲದ ದಿನಗಳು ಒಟ್ಟು 90 ದಾಟುವಂತಿಲ್ಲ. ಅಲ್ಲಿಂದ ಮುಂದಿನ ಎಚ್-1ಬಿ ಎಂಬ ಕೆಲಸದ ವೀಸಾ ಸಿಗುವುದು ಲಾಟರಿಯಲ್ಲಿ. ವರ್ಷಕ್ಕೆ 65,000, ಅಮೆರಿಕದ ಮಾಸ್ಟರ್ಸ್ ಪದವಿ ಇದ್ದವರಿಗೆ ಬೇರೆ 20,000. ಅರ್ಜಿಗಳು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. 2025ರ ಸೆಪ್ಟೆಂಬರ್‌ನಲ್ಲಿ ದೇಶದ ಹೊರಗಿರುವವರ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕವನ್ನೂ ಹೇರಿದರು. ಒಮ್ಮೆ ವಾಪಸ್ ಬಂದು ಆಮೇಲೆ ಹೋಗ್ತೀನಿ ಅನ್ನುವ ದಾರಿ ಇದರಿಂದ ಕಿರಿದಾಗಿದೆ. ಮನೆ ಅಡವಿಟ್ಟು ಇಂಥ ಮಾಸ್ಟರ್ಸ್‌ಗೆ ಹೋಗಬೇಡಿ ಎಂದು ನಾನು ಕೈ ಮುಗಿದು ಹೇಳುತ್ತೇನೆ. ಸ್ಕಾಲರ್‌ಶಿಪ್ ಅರ್ಧವಾದರೂ ಇದ್ದು, ಸಾಲವನ್ನು ಎರಡು ವರ್ಷದ ಒಪಿಟಿ ಸಂಬಳದಲ್ಲಿ ತೀರಿಸಬಹುದಾದರೆ ಆ ಮಾತು ಬೇರೆ.

ಕೆನಡಾ ಮತ್ತು ಆಸ್ಟ್ರೇಲಿಯಾ

ಇವೆರಡನ್ನೂ ಒಟ್ಟಿಗೆ ಇಡುತ್ತೇನೆ, ಏಕೆಂದರೆ ಇಲ್ಲಿಗೆ ಹೋಗುವವರಲ್ಲಿ ಬಹಳ ಮಂದಿಯ ಮನಸ್ಸಿನಲ್ಲಿ ಇರುವುದು ನೆಲೆ ನಿಲ್ಲುವ ಆಸೆ.

ಕೆನಡಾ 2024ರಿಂದ ಸ್ಟಡಿ ಪರ್ಮಿಟ್‌ಗಳಿಗೆ ಮಿತಿ ಹಾಕಿದೆ. ಶುಲ್ಕ ಬಿಟ್ಟು ಜೀವನ ಖರ್ಚಿಗೇ 22,895 ಕೆನಡಾ ಡಾಲರ್ ತೋರಿಸಬೇಕು. ವಾರಕ್ಕೆ 24 ಗಂಟೆ ದುಡಿಯಬಹುದು. ಅಲ್ಲಿ ಈಗ ಯೂನಿವರ್ಸಿಟಿಗೂ ಕಾಲೇಜಿಗೂ ನಡುವೆ ದೊಡ್ಡ ಗೆರೆ ಎಳೆದಿದ್ದಾರೆ. ಮಾಸ್ಟರ್ಸ್ ಮಾಡಿದವರಿಗೆ ಕೋರ್ಸ್ ಎರಡು ವರ್ಷಕ್ಕಿಂತ ಚಿಕ್ಕದಾದರೂ ಮೂರು ವರ್ಷದ ಕೆಲಸದ ಪರ್ಮಿಟ್ ಸಿಗುತ್ತದೆ. 2026ರಿಂದ ಸರ್ಕಾರಿ ಸಂಸ್ಥೆಗಳ ಮಾಸ್ಟರ್ಸ್ ಮತ್ತು ಪಿಎಚ್‌ಡಿಗೆ ಪ್ರಾಂತ್ಯದ ಒಪ್ಪಿಗೆ ಪತ್ರವೂ ಬೇಡ. ಡಿಪ್ಲೊಮಾ ಕೋರ್ಸ್‌ನವರಿಗೆ ಮಾತ್ರ ಓದಿದ ವಿಷಯ ಸರ್ಕಾರದ ಪಟ್ಟಿಯಲ್ಲಿ ಇದ್ದರಷ್ಟೇ ಆ ಕೆಲಸದ ಪರ್ಮಿಟ್. ಸರ್ಕಾರಿ ಕಾಲೇಜಿನ ಪಠ್ಯವನ್ನು ಖಾಸಗಿ ಕಾಲೇಜು ಕಲಿಸುವ ಕೋರ್ಸ್‌ಗಳಿಗೆ ಹೊಸದಾಗಿ ಸೇರಿದವರಿಗೆ 2024ರ ಮೇ ತಿಂಗಳಿನಿಂದ ಅದು ಇಲ್ಲವೇ ಇಲ್ಲ. ಸುಮ್ನೆ ಕೆನಡಾ ಸೇರಿದರೆ ಸಾಕು ಎಂದು ಯಾವುದೋ ಡಿಪ್ಲೊಮಾ ಹಿಡಿಯುವ ಕಾಲ ಮುಗಿಯಿತು.

ಆಸ್ಟ್ರೇಲಿಯಾದಲ್ಲಿ ವೀಸಾ ಅರ್ಜಿಯ ಶುಲ್ಕವೇ 2025ರ ಜುಲೈನಿಂದ 2,000 ಆಸ್ಟ್ರೇಲಿಯನ್ ಡಾಲರ್. ತಿರಸ್ಕಾರವಾದರೆ ಅದು ಹೋದಂತೆಯೇ. ಜೀವನ ಖರ್ಚಿಗೆ ವರ್ಷಕ್ಕೆ 29,710 ಡಾಲರ್ ತೋರಿಸಬೇಕು. ಎರಡು ವಾರಕ್ಕೆ 48 ಗಂಟೆ ದುಡಿಯಬಹುದು, ಕೂಲಿ ಚೆನ್ನಾಗಿದೆ. ಓದಿನ ನಂತರದ ವೀಸಾ ಬ್ಯಾಚುಲರ್ ಮತ್ತು ಸಾಮಾನ್ಯ ಮಾಸ್ಟರ್ಸ್‌ಗೆ ಎರಡು ವರ್ಷ. ಆದರೆ 2024ರ ಜುಲೈನಿಂದ ಅದಕ್ಕೆ ವಯಸ್ಸಿನ ಮಿತಿ 35. ಮೂವತ್ನಾಲ್ಕರಲ್ಲಿ ಎರಡು ವರ್ಷದ ಕೋರ್ಸ್‌ಗೆ ಸೇರುವವರು ಇದನ್ನು ನೋಡದೇ ಹೋದರೆ ಆಮೇಲೆ ಪಶ್ಚಾತ್ತಾಪ ಪಡಬೇಕಾಗುತ್ತದೆ.

ಜನ ಅಷ್ಟಾಗಿ ನೋಡದ ದಾರಿಗಳು

ಇಟಲಿ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಶುಲ್ಕ ಮನೆಯ ಆದಾಯದ ಮೇಲೆ ನಿಂತಿದೆ. ಆದಾಯ ಕಡಿಮೆ ಇದ್ದವರಿಗೆ ಪ್ರಾಂತ್ಯಗಳು ಕೊಡುವ ಡಿಎಸ್‌ಯು ಸ್ಕಾಲರ್‌ಶಿಪ್‌ನಲ್ಲಿ ಶುಲ್ಕ ಮನ್ನಾ, ಊಟ, ಹಾಸ್ಟೆಲ್, ಕೈಗೆ ಒಂದಿಷ್ಟು ಹಣ. ವಿದೇಶಿಯರಿಗೂ ಇದು ಸಿಗುತ್ತದೆ. ತಂದೆ ತಾಯಿಯ ಆದಾಯ, ಆಸ್ತಿಯ ಕಾಗದಗಳನ್ನು ಅನುವಾದ ಮಾಡಿಸಿ, ದೃಢೀಕರಿಸಿ ಕೊಡಬೇಕು. ಓಡಾಟ ಜಾಸ್ತಿ, ಆದರೆ ಫಲ ದೊಡ್ಡದು. ಎರಡು ವಿಷಯ ನೆನಪಿರಲಿ. ಹಣ ಕಂತಿನಲ್ಲಿ ಬರುತ್ತದೆ, ಮೊದಲ ಕೆಲವು ತಿಂಗಳು ಕೈಯಿಂದಲೇ ನಡೆಸಬೇಕು. ಮೊದಲ ವರ್ಷ ನಿಗದಿ ಮಾಡಿದಷ್ಟು ಕ್ರೆಡಿಟ್ ಪಾಸಾಗದಿದ್ದರೆ ಕೊಟ್ಟದ್ದನ್ನು ವಾಪಸ್ ಕೇಳುತ್ತಾರೆ.

ಫ್ರಾನ್ಸ್‌ನಲ್ಲಿ ಯುರೋಪಿನ ಹೊರಗಿನವರಿಗೆ ಸರ್ಕಾರಿ ಶುಲ್ಕ ವರ್ಷಕ್ಕೆ ಬ್ಯಾಚುಲರ್‌ಗೆ ಸುಮಾರು 2,900, ಮಾಸ್ಟರ್ಸ್‌ಗೆ ಸುಮಾರು 3,900 ಯೂರೊ. ತಿಂಗಳಿಗೆ 615 ಯೂರೊ ಖರ್ಚಿಗೆ ಇದೆ ಎಂದು ತೋರಿಸಿದರೆ ಸಾಕು. ಪ್ಯಾರಿಸ್‌ನಲ್ಲಿ ಅಷ್ಟರಲ್ಲಿ ಬದುಕಲು ಆಗುವುದಿಲ್ಲ, ಚಿಕ್ಕ ಊರು ಹಿಡಿಯಿರಿ. ವರ್ಷಕ್ಕೆ 964 ಗಂಟೆ ದುಡಿಯಬಹುದು.

ಉತ್ತರ ಯುರೋಪ್ ಪುಕ್ಕಟೆ ಅನ್ನುವುದು ಹಳೆಯ ಮಾತು. ಸ್ವೀಡನ್ 2011ರಿಂದ, ಫಿನ್‌ಲೆಂಡ್ 2017ರಿಂದ, ನಾರ್ವೆ 2023ರಿಂದ ಹೊರಗಿನವರಿಗೆ ಶುಲ್ಕ ಹಾಕುತ್ತಿವೆ. ನೆದರ್‌ಲೆಂಡ್ಸ್‌ನಲ್ಲಿ ಇಂಗ್ಲಿಷ್ ಕೋರ್ಸ್‌ಗಳು ಚೆನ್ನಾಗಿವೆ, ಮನೆ ಸಿಗುವುದು ಮಾತ್ರ ಬಲು ಕಷ್ಟ. ರೂಮು ಖಚಿತವಾಗದೆ ಹೊರಡಬೇಡಿ.

ಜಪಾನ್‌ನ ರಾಷ್ಟ್ರೀಯ ವಿಶ್ವವಿದ್ಯಾಲಯಗಳಲ್ಲಿ ವರ್ಷದ ಪ್ರಮಾಣಿತ ಶುಲ್ಕ 5,35,800 ಯೆನ್, ಸೇರುವಾಗ ಒಮ್ಮೆ 2,82,000. ವಾರಕ್ಕೆ 28 ಗಂಟೆ ದುಡಿಯಬಹುದು. ಮೆಕ್ಸ್ಟ್ ಎಂಬ ಸರ್ಕಾರಿ ಸ್ಕಾಲರ್‌ಶಿಪ್ ಸಿಕ್ಕರೆ ಶುಲ್ಕವೂ ಇಲ್ಲ, ಭತ್ಯೆಯೂ ಉಂಟು. ಜಪಾನೀ ಭಾಷೆಯನ್ನು ಪ್ರೀತಿಯಿಂದ ಕಲಿಯುವವರಿಗೆ ಮಾತ್ರ ಈ ದಾರಿ.

ಎಲ್ಲಕ್ಕಿಂತ ಮೊದಲು ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಮುಂಡುಸ್ ಪಟ್ಟಿ ನೋಡಿ. ಕನಿಷ್ಠ ಎರಡು ದೇಶಗಳಲ್ಲಿ ಓದುವ ಜಂಟಿ ಮಾಸ್ಟರ್ಸ್ ಇದು. ಸ್ಕಾಲರ್‌ಶಿಪ್ ಸಿಕ್ಕವರಿಗೆ ಶುಲ್ಕ ಇಲ್ಲ, ತಿಂಗಳಿಗೆ 1,400 ಯೂರೊ ಸಿಗುತ್ತದೆ. ಬ್ರಿಟನ್ನಿನ ಚೀವನಿಂಗ್ ಸ್ಕಾಲರ್‌ಶಿಪ್ ಕೂಡ ಪೂರ್ತಿ ಖರ್ಚು ಕೊಡುತ್ತದೆ, ಆದರೆ ಎರಡು ವರ್ಷದ ಕೆಲಸದ ಅನುಭವ ಬೇಕು ಮತ್ತು ಓದಿದ ಮೇಲೆ ಎರಡು ವರ್ಷ ತಾಯ್ನಾಡಿಗೆ ಮರಳಿ ಇರಬೇಕು. ಹೊರಗೇ ಉಳಿಯುವ ಆಸೆ ಇದ್ದವರು ಅದಕ್ಕೆ ಅರ್ಜಿ ಹಾಕಬೇಡಿ.

ಹಾಗಾದರೆ ಯಾರಿಗೆ ಯಾವುದು?

ಕೈಯಲ್ಲಿ ಹಣ ಕಡಿಮೆ, ಭಾಷೆ ಕಲಿಯಲು ಸಿದ್ಧ: ಜರ್ಮನಿ, ಇಟಲಿ, ಫ್ರಾನ್ಸ್. ಈ ಮೂರರಲ್ಲಿ ತಾಂತ್ರಿಕ ಓದಿಗೆ ಜರ್ಮನಿ. ಮನೆಯ ಆದಾಯ ನಿಜಕ್ಕೂ ಕಡಿಮೆ ಇದ್ದರೆ ಇಟಲಿ. ಸಮಯ ಕಡಿಮೆ, ಕೆಲಸದ ಅನುಭವ ಇದೆ, ಉಳಿತಾಯ ಇದೆ: ಬ್ರಿಟನ್. ಸಂಶೋಧನೆ: ಅಮೆರಿಕದ ಪಿಎಚ್‌ಡಿ, ಜೊತೆಗೆ ಜರ್ಮನಿಯಲ್ಲೂ ಅರ್ಜಿ ಹಾಕಿ, ಅಲ್ಲಿ ಪಿಎಚ್‌ಡಿ ಅಂದರೆ ಬಹಳ ಕಡೆ ಸಂಬಳದ ಕೆಲಸವೇ. ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಬೇಡ, ನೆಲೆ ನಿಲ್ಲುವ ಆಸೆ ಇದೆ, ಮೂವತ್ತರೊಳಗಿನ ವಯಸ್ಸು: ಕೆನಡಾದ ಮಾಸ್ಟರ್ಸ್ ಅಥವಾ ಆಸ್ಟ್ರೇಲಿಯಾ. ಗಂಡ ಹೆಂಡತಿ ಮಕ್ಕಳ ಜೊತೆ ಹೋಗುವವರು ಬ್ರಿಟನ್ನಿನ ಸಾಮಾನ್ಯ ಮಾಸ್ಟರ್ಸ್ ಬಿಡಿ, ಬೇರೆ ದೇಶಗಳಲ್ಲಿ ಸಂಗಾತಿಗೆ ಕೆಲಸದ ಅವಕಾಶ ಇದೆಯೇ ಎಂದು ಮೊದಲು ನೋಡಿ.

ಇನ್ನೂ ಎರಡರ ನಡುವೆ ಸಿಕ್ಕಿಹಾಕಿಕೊಂಡಿದ್ದರೆ ಒಂದು ಹಾಳೆ ತೆಗೆದುಕೊಳ್ಳಿ. ಎಡಕ್ಕೆ ಒಂದು ಆಫರ್, ಬಲಕ್ಕೆ ಇನ್ನೊಂದು. ಪದವಿ ಮುಗಿಯುವ ತಿಂಗಳು ಬರೆಯಿರಿ. ಅಲ್ಲಿವರೆಗಿನ ಒಟ್ಟು ಖರ್ಚು ಬರೆಯಿರಿ, ಪಾರ್ಟ್‌ಟೈಮ್ ದುಡಿಮೆಯನ್ನು ಸೊನ್ನೆ ಎಂದೇ ಹಿಡಿಯಿರಿ. ಕೆಳಗೆ ಸಾಲದ ಮೊತ್ತ, ತಿಂಗಳ ಕಂತು. ಅದರ ಕೆಳಗೆ, ಇದೇ ಪದವಿಯೊಂದಿಗೆ ನಿಮ್ಮ ದೇಶದಲ್ಲಿ ಸಿಗುವ ಮೊದಲ ಸಂಬಳ. ಆ ಸಂಬಳದ ಮೂರರಲ್ಲಿ ಒಂದು ಭಾಗಕ್ಕಿಂತ ಕಂತು ಜಾಸ್ತಿಯಾದರೆ ಆ ಆಫರ್ ಹೊಡೆದು ಹಾಕಿ. ಇಲ್ಲಿ ಹೇಳಿದ ಮೊತ್ತಗಳೆಲ್ಲ ವರ್ಷ ವರ್ಷ ಬದಲಾಗುತ್ತವೆ. ಹಾಳೆ ತುಂಬುವ ದಿನ ಆಯಾ ದೇಶದ ವಲಸೆ ಇಲಾಖೆಯ ಪುಟ ತೆರೆದು ಇವತ್ತಿನ ಸಂಖ್ಯೆಯನ್ನೇ ಬರೆದುಕೊಳ್ಳಿ, ಏಜೆಂಟ್ ಕೊಟ್ಟ ಚೀಟಿಯಿಂದ ಬೇಡ.